ಥೀಸಿಸ್ ಬದಲಾಯಿಸಿದ ವಿದ್ಯಾರ್ಥಿ: ಸ್ವಭಾವ, ಸೋಲಾರ್ ದೀಪ ಮತ್ತು ಸಾಮಾಜಿಕ ಉದ್ಯಮದ ಆಸಕ್ತಿ – ಒಂದು ಪ್ರಕರಣ ಅಧ್ಯಯನ

ಬಿಬಿಎ, ಎಂಬಿಎ, ಎಂಎಸ್‌ಡಬ್ಲ್ಯೂ ಮಕ್ಕಳ ಪ್ರಾಜೆಕ್ಟ್‌ಗಳಲ್ಲಿ ಈಚೆಗೆ ಈ ವಿಷಯ ಜಾಸ್ತಿ ಬರ್ತಿದೆ, ವಿದ್ಯಾರ್ಥಿಗಳ ವ್ಯಕ್ತಿತ್ವಕ್ಕೂ ಅವ್ರು ಸಾಮಾಜಿಕ ಉದ್ಯಮಿ ಆಗ್ಬೇಕು ಅನ್ಕೊಳ್ಳೋದಕ್ಕೂ ಏನು ಸಂಬಂಧ ಅಂತ. ಮಾಮೂಲಾಗಿ ನಡೆಯೋದು ಹೀಗೆ: ಒಂದು ಪ್ರಶ್ನಾವಳಿನ ಗೂಗಲ್ ಫಾರ್ಮ್‌ನಲ್ಲಿ ಹಾಕಿ ಕ್ಲಾಸ್ ವಾಟ್ಸಾಪ್ ಗ್ರೂಪಿಗೆ ಬಿಡ್ತಾರೆ, ಒಂದರಿಂದ ಐದರವರೆಗೆ ಟಿಕ್ ಮಾಡಿಸ್ತಾರೆ, ಸಾಫ್ಟ್‌ವೇರ್‌ಗೆ ಹಾಕಿ ಟೇಬಲ್ ತೆಗೀತಾರೆ, ಕೊನೆಗೆ ಸಹಾನುಭೂತಿ ಇರೋರಿಗೆ ಆಸಕ್ತಿ ಜಾಸ್ತಿ ಅಂತ ಒಂದು ಸಾಲು ಬರುತ್ತೆ. ಆ ಸಾಲು ಸುಳ್ಳಲ್ಲ. ಆದ್ರೆ ಅದನ್ನ ಓದಿದ ಮೇಷ್ಟ್ರಿಗೆ ನಾಳೆ ಕ್ಲಾಸಲ್ಲಿ ಏನು ಮಾಡ್ಬೇಕು ಅಂತ ಗೊತ್ತಾಗಲ್ಲ, ಯಾಕಂದ್ರೆ ಸಹಾನುಭೂತಿ ಇರೋ ಮಕ್ಕಳು ಪ್ರತಿ ಬೆಂಚಲ್ಲೂ ಇದಾರೆ. ರಕ್ತದಾನಕ್ಕೆ ಮೊದ್ಲು ಓಡೋರು, 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ಅಕ್ಕಿ ಬಟ್ಟೆ ಮೂಟೆ ಕಟ್ಕೊಂಡು ಹೋದೋರು, ಎನ್ಎಸ್ಎಸ್ ಕ್ಯಾಂಪಲ್ಲಿ ಚರಂಡಿ ಕ್ಲೀನ್ ಮಾಡೋರು, ಎಲ್ಲಾ ಒಳ್ಳೆ ಮನಸ್ಸಿನ ಮಕ್ಕಳೇ, ಆದ್ರೂ ಅವ್ರಲ್ಲಿ ಹೆಚ್ಚಿನವ್ರು ಸಾಮಾಜಿಕ ಉದ್ಯಮ ಅನ್ನೋ ದಾರಿ ಕಡೆ ತಿರುಗಿಯೂ ನೋಡಲ್ಲ. ಹಂಗಾದ್ರೆ ತಿರುಗಿ ನೋಡೋರಲ್ಲಿ ಬೇರೆ ಏನಿರುತ್ತೆ?

ನೂರು ಜನರ ಸರಾಸರಿ ತೆಗೆಯೋ ಬದ್ಲು ಒಬ್ರನ್ನೇ ತಗೊಂಡು ನಿಧಾನಕ್ಕೆ ನೋಡೋಣ ಅಂತ ಈ ಪ್ರಕರಣ. ಆರಿಸ್ಕೊಂಡಿರೋದು ಹರೀಶ್ ಹಂದೆ ಅವ್ರನ್ನ, ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಮಾರೋ ಸೆಲ್ಕೋ ಸೋಲಾರ್ ಕಂಪನಿ ಕಟ್ಟಿದೋರು, 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದೋರು. ಸೆಲ್ಕೋ ಬಗ್ಗೆ ಬರೆದಿರೋದು ಬೇಕಾದಷ್ಟಿದೆ, ಆದ್ರೆ ಹೆಚ್ಚಿನವು ಕಂಪನಿ ಶುರುವಾದ 1995ರಿಂದ ಕಥೆ ಹೇಳ್ತವೆ. ನಮಗೆ ಬೇಕಾಗಿರೋದು ಅದಕ್ಕಿಂತ ಹಿಂದಿನ ಮೂರು ನಾಲ್ಕು ವರ್ಷ, ಹಂದೆಯವ್ರು ಇನ್ನೂ ವಿದ್ಯಾರ್ಥಿ ಆಗಿದ್ದಾಗಿನದ್ದು, ಕಂಪನಿ ಅನ್ನೋದು ತಲೇಲೂ ಇಲ್ದೇ ಇದ್ದಾಗಿನದ್ದು. ಆಸಕ್ತಿ ಹುಟ್ಟಿದ್ದು ಅಲ್ಲಿ.

ಸಾಮಾಜಿಕ ಉದ್ಯಮ ಅಂದ್ರೆ ನಾನು ಇಲ್ಲಿ ತಗೊಂಡಿರೋ ಅರ್ಥ ಇಷ್ಟು: ಸಮಾಜದ ಒಂದು ತೊಂದ್ರೆ ಬಗೆಹರಿಸೋದೇ ಮುಖ್ಯ ಕೆಲ್ಸ, ಆದ್ರೆ ಅದು ದೇಣಿಗೆ ಮೇಲೆ ನಿಲ್ಲದೆ ವ್ಯಾಪಾರದ ದುಡ್ಡಲ್ಲಿ ತನ್ನ ಕಾಲ್ಮೇಲೆ ನಿಲ್ಬೇಕು. ಈ ಎರಡನೇ ಅರ್ಧ ಮುಂದೆ ತುಂಬಾ ಮುಖ್ಯ ಆಗುತ್ತೆ.

ಹುಡುಗನ ಹಿನ್ನೆಲೆ

ಹಂದೆಯವ್ರ ಬೇರು ಕುಂದಾಪುರದ ಕಡೇದು, ಬೆಳೆದಿದ್ದು ಒಡಿಶಾದ ರೂರ್ಕೆಲಾದಲ್ಲಿ. ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್, ಒಳ್ಳೆ ಶಾಲೆ, ಕಾಂಪೌಂಡ್ ಒಳಗೆ ಎಲ್ಲಾ ವ್ಯವಸ್ಥೆ, ಕಾಂಪೌಂಡ್ ದಾಟಿದ್ರೆ ಸುಂದರಗಢ ಜಿಲ್ಲೆಯ ಆದಿವಾಸಿ ಹಳ್ಳಿಗಳು. ಅಲ್ಲಿಂದ ಐಐಟಿ ಖರಗ್‌ಪುರ, ಎನರ್ಜಿ ಇಂಜಿನಿಯರಿಂಗ್. ಆಮೇಲೆ ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯ ಲೋವೆಲ್ ಕ್ಯಾಂಪಸ್‌ನಲ್ಲಿ ಮಾಸ್ಟರ್ಸ್, ಅಲ್ಲೇ ಪಿಎಚ್‌ಡಿಗೆ ಸೇರಿದ್ರು. ವಿಷಯ ಸೋಲಾರ್ ಥರ್ಮಲ್, ಅಂದ್ರೆ ಬಿಸಿಲಿನ ಶಾಖದಿಂದ ದೊಡ್ಡ ಮಟ್ಟದಲ್ಲಿ ವಿದ್ಯುತ್ ಮಾಡೋದು, ಕನ್ನಡಿಗಳು, ಟರ್ಬೈನು, ಕಂಪ್ಯೂಟರ್ ಮಾಡೆಲ್, ಈ ತರದ್ದು.

ಈ ಹಂತದಲ್ಲಿ ಯಾರಾದ್ರೂ ಹೋಗಿ ಅವ್ರ ಕೈಗೆ ನಮ್ಮ ಪ್ರಶ್ನಾವಳಿ ಕೊಟ್ಟಿದ್ರೆ ಏನಾಗ್ತಿತ್ತು ಅಂತ ಯೋಚ್ನೆ ಮಾಡಿ. ಬಹುಶಃ ಸಂಶೋಧನೆ ಮಾಡೋ ಒಬ್ಬ ಒಳ್ಳೆ ವಿದ್ಯಾರ್ಥಿ ಅಂತ ಬರ್ತಿತ್ತು ಅಷ್ಟೇ. ಸಾಮಾಜಿಕ ಉದ್ಯಮ ಮಾಡೋ ಉದ್ದೇಶ ಇದೆಯಾ ಅನ್ನೋ ಪ್ರಶ್ನೆಗೆ ಎಷ್ಟು ಅಂಕ ಬರ್ತಿತ್ತೋ, ಮೂರು ವರ್ಷದ ನಂತ್ರ ಬರ್ತಿದ್ದ ಅಂಕಕ್ಕೂ ಅದಕ್ಕೂ ಸಂಬಂಧವೇ ಇರ್ತಿರ್ಲಿಲ್ಲ. ಸ್ವಭಾವ ಮೂರು ವರ್ಷದಲ್ಲಿ ಅಷ್ಟು ಬದಲಾಗಲ್ಲ ಅಂತ ಮನಶ್ಶಾಸ್ತ್ರಜ್ಞರೇ ಹೇಳ್ತಾರೆ. ಬದಲಾಗಿದ್ದು ಬೇರೆ.

ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಕಂಡದ್ದು

1991ರ ಸುಮಾರಿಗೆ ಹಂದೆಯವ್ರು ಕೆರಿಬಿಯನ್‌ನ ಡೊಮಿನಿಕನ್ ರಿಪಬ್ಲಿಕ್‌ಗೆ ಹೋದ್ರು. ಅಲ್ಲಿನ ಹಳ್ಳಿಗಳಲ್ಲಿ, ಕಡು ಬಡತನದಲ್ಲಿರೋ ಮನೆಗಳಲ್ಲಿ, ಛಾವಣಿ ಮೇಲೆ ಒಂದೊಂದು ಸಣ್ಣ ಸೋಲಾರ್ ಪ್ಯಾನೆಲ್, ಒಳಗೆ ಒಂದೆರಡು ದೀಪ. ಅಲ್ಲಿ 1980ರ ದಶಕದಿಂದ್ಲೇ ಎನರ್ಸಾಲ್ ಅನ್ನೋ ಸಂಸ್ಥೆ ಸಣ್ಣ ಸಾಲ ಕೊಟ್ಟು, ಸ್ಥಳೀಯ ಹುಡುಗ್ರಿಗೇ ರಿಪೇರಿ ಕಲ್ಸಿ ಮನೆ ಮನೆಗೆ ಸೋಲಾರ್ ದೀಪ ಹೋಗೋ ಹಾಗೆ ಮಾಡಿತ್ತು. ಅಂದ್ರೆ ಆ ದೇಶದ ಹಳ್ಳಿ ಜನ ದೀಪಕ್ಕೆ ದುಡ್ಡು ಕಟ್ತಿದ್ರು.

ಇದನ್ನ ನೋಡಿ ಬಂದು ಅವ್ರು ಮಾಡಿದ ಕೆಲ್ಸ ಏನಂದ್ರೆ, ಅಲ್ಲೀತನಕ ಮಾಡಿದ್ದ ಥರ್ಮಲ್ ಸಂಶೋಧನೆ ಪಕ್ಕಕ್ಕಿಟ್ಟು ಹಳ್ಳಿ ಮನೆಗೆ ಸೋಲಾರ್ ದೀಪ ತಲುಪ್ಸೋದು ಹೇಗೆ ಅನ್ನೋದನ್ನೇ ಹೊಸ ಥೀಸಿಸ್ ಮಾಡ್ಕೊಂಡ್ರು. ಪಿಎಚ್‌ಡಿ ಮಾಡಿದೋರಿಗೆ, ಮಾಡ್ತಾ ಇರೋರಿಗೆ ಇದರ ತೂಕ ಗೊತ್ತಾಗುತ್ತೆ. ವಿಷಯ ಬದಲಾಯ್ಸೋದು ಅಂದ್ರೆ ಗೈಡ್ ಹತ್ರ ಮತ್ತೆ ಶುರು, ಓದಿದ್ದು ಬರೆದಿದ್ದು ಅರ್ಧಕ್ಕರ್ಧ ಹೋಯ್ತು, ಸ್ಕಾಲರ್‌ಶಿಪ್ ಗಡಿಯಾರ ಮಾತ್ರ ನಿಲ್ಲಲ್ಲ, ಮನೆಯವ್ರು ಯಾವಾಗಪ್ಪಾ ಮುಗ್ಯೋದು ಅಂತ ಕೇಳ್ತಾನೇ ಇರ್ತಾರೆ.

ವ್ಯಕ್ತಿತ್ವನ ಅಳೆಯೋರು ಐದು ದೊಡ್ಡ ಗುಣ ಅಂತ ಲೆಕ್ಕ ಹಾಕ್ತಾರೆ. ಹೊಸದಕ್ಕೆ ಮನಸ್ಸು ಬಿಚ್ಚೋ ಗುಣ, ಅದಕ್ಕೆ ಓಪನ್‌ನೆಸ್ ಅಂತಾರೆ. ಶಿಸ್ತು, ಹಿಡಿದ ಕೆಲ್ಸ ಬಿಡದೆ ಮಾಡೋದು. ಜನರ ಜೊತೆ ಬೆರೆಯೋ ಉತ್ಸಾಹ. ಇನ್ನೊಬ್ರಿಗೆ ಮರುಗಿ ಹೊಂದ್ಕೊಂಡು ಹೋಗೋ ಗುಣ, ಅದು ಅಗ್ರಿಯಬಲ್‌ನೆಸ್. ಐದನೇದು ಬೇಗ ಕಳವಳಕ್ಕೆ ಬೀಳೋ ಸ್ವಭಾವ, ಅದು ಕಡಿಮೆ ಇದ್ದಷ್ಟೂ ಉದ್ಯಮಕ್ಕೆ ಒಳ್ಳೇದು ಅಂತ ಲೆಕ್ಕ. 2010ರಲ್ಲಿ ಮಲೇಷ್ಯಾದ ವಿದ್ಯಾರ್ಥಿಗಳ ಮೇಲೆ ನ್ಗಾ ಮತ್ತು ಶಮುಗನಾಥನ್ ಅನ್ನೋರು ಮಾಡಿದ ಅಧ್ಯಯನ ಈ ವಿಷಯದಲ್ಲಿ ತುಂಬಾ ಜನ ಎತ್ತಿ ಹೇಳೋ ಕೆಲ್ಸ. ಅದ್ರ ಪ್ರಕಾರ ಮರುಗೋ ಗುಣ ಸಾಮಾಜಿಕ ಉದ್ಯಮದ ಎಲ್ಲಾ ಮಗ್ಗುಲಿಗೂ ಸಹಾಯ ಮಾಡುತ್ತೆ, ಮನಸ್ಸು ಬಿಚ್ಚೋ ಗುಣ ಮಾತ್ರ ಮೂರಕ್ಕೆ ಮುಖ್ಯವಾಗಿ: ಸಾಮಾಜಿಕ ದೂರದೃಷ್ಟಿ, ಹೊಸತನ, ಮತ್ತೆ ಹಣಕಾಸಿನ ಗಳಿಕೆ. ಮೊದ್ಲೆರಡು ಯಾರಿಗಾದ್ರೂ ಊಹೆಗೆ ಸಿಗುತ್ತೆ. ಮೂರನೇದು ನನಗೆ ತುಂಬಾ ಯೋಚ್ನೆಗೆ ಹಚ್ಚಿದ ವಿಷಯ, ಹೊಸದನ್ನ ಒಪ್ಕೊಳ್ಳೋ ಮನಸ್ಸಿಗೂ ದುಡ್ಡು ಹುಟ್ಟಿಸೋದಕ್ಕೂ ಏನು ನಂಟು ಅಂತ. ಹಂದೆಯವ್ರ ಪ್ರಕರಣ ಓದ್ತಾ ಅದಕ್ಕೊಂದು ಉತ್ತರ ಸಿಕ್ತು, ಮುಂದೆ ಹೇಳ್ತೀನಿ.

ಥೀಸಿಸ್ ಬಿಟ್ಟಿದ್ದನ್ನ ಓಪನ್‌ನೆಸ್ ಅನ್ನೋ ಒಂದೇ ಡಬ್ಬಕ್ಕೆ ಹಾಕಿ ಮುಚ್ಚೋಕೆ ನಂಗೆ ಇಷ್ಟ ಇಲ್ಲ. ಯಾಕಂದ್ರೆ ಓಪನ್‌ನೆಸ್ ಜಾಸ್ತಿ ಇರೋ ವಿದ್ಯಾರ್ಥಿಗಳನ್ನ ನಾವು ನೋಡಿದೀವಿ, ಅವ್ರು ಹೊಸ ಐಡಿಯಾ ಕಂಡ ಕಡೆಯೆಲ್ಲಾ ಹಾರ್ತಾರೆ, ಈ ವರ್ಷ ಪ್ಲಾಸ್ಟಿಕ್, ಮುಂದಿನ ವರ್ಷ ಮಿಲೆಟ್ಸ್, ಆಮೇಲೆ ಡ್ರೋನು. ಇಲ್ಲಿ ಆದದ್ದು ಬೇರೆ. ಹಾರಿದ್ದು ಒಂದೇ ಸಲ, ಹಾರಿದ ಮೇಲೆ ಮೂವತ್ತು ವರ್ಷ ಅದೇ ಕೆಲ್ಸ. ಕೈಲಿರೋ ಪ್ಲಾನ್ ತಪ್ಪು ಅನ್ಸಿದಾಗ ಬಿಡೋ ಧೈರ್ಯ, ಸರಿ ಅನ್ಸಿದ್ದು ಸಿಕ್ಕಿದ ಮೇಲೆ ಕಚ್ಕೊಂಡು ಕೂರೋ ಹಠ, ಎರಡೂ ಒಬ್ರಲ್ಲೇ ಇದ್ವು. ಪ್ರಶ್ನಾವಳಿ ಇವೆರಡನ್ನ ಬೇರೆ ಬೇರೆ ಅಳೆಯುತ್ತೆ, ಒಟ್ಟಿಗೆ ಇದ್ರೆ ಏನಾಗುತ್ತೆ ಅಂತ ಕೇಳಲ್ಲ.

ಮಾತು ಬಾರದ ಊರಲ್ಲಿ

ಆಮೇಲೆ ಹಂದೆಯವ್ರು ಲೈಬ್ರರಿಗೆ ಹೋಗ್ಲಿಲ್ಲ, ಶ್ರೀಲಂಕಾದ ಕರೆಂಟಿಲ್ಲದ ಹಳ್ಳಿಗೆ ಹೋದ್ರು, ತಿಂಗಳುಗಟ್ಟಲೆ ಅಲ್ಲೇ ಇದ್ರು, ಆಮೇಲೆ ಭಾರತದ ಹಳ್ಳಿಗಳಲ್ಲೂ ಇದೇ ತರ. ಸಿಂಹಳ ಭಾಷೆ ಬರ್ತಿರ್ಲಿಲ್ಲ. ಭಾಷೆ ಬಾರದೇ ಇದ್ದಿದ್ದೇ ಒಳ್ಳೇದಾಯ್ತು ಅನ್ನೋ ಅರ್ಥದಲ್ಲಿ ಅವ್ರು ಮುಂದೆ ಹೇಳ್ಕೊಂಡಿದಾರೆ, ಮಾತಾಡೋಕಾಗದೇ ಇದ್ದಿದ್ರಿಂದ ನೋಡ್ಬೇಕಾಯ್ತು ಅಂತ.

ನಾನು ಇದನ್ನ ಈ ಪ್ರಕರಣದ ಅತಿ ಮುಖ್ಯ ಭಾಗ ಅನ್ಕೊಂಡಿದೀನಿ, ಪ್ರಶಸ್ತಿಗಿಂತ, ಕಂಪನಿಗಿಂತ. ಸುಮ್ನೆ ಯೋಚ್ನೆ ಮಾಡಿ, ನಮ್ಮ ಮಕ್ಕಳು ಫೀಲ್ಡ್ ವಿಸಿಟ್‌ಗೆ ಹೋದಾಗ ಏನಾಗುತ್ತೆ, ಬಸ್ಸು ಬೆಳಿಗ್ಗೆ ಹತ್ತಕ್ಕೆ ಊರು ಮುಟ್ಟುತ್ತೆ, ಪಂಚಾಯ್ತಿ ಕಟ್ಟೇಲಿ ಒಂದು ಮೀಟಿಂಗು, ನಿಮ್ಮ ಸಮಸ್ಯೆ ಏನು ಅಂತ ಕೇಳ್ತಾರೆ, ಊರವ್ರು ರಸ್ತೆ ಚರಂಡಿ ಅಂತಾರೆ, ಫೋಟೋ, ಸಂಜೆ ನಾಲ್ಕಕ್ಕೆ ವಾಪಸ್. ಕರೆಂಟಿಲ್ಲದ ಮನೇಲಿ ಕತ್ತಲೆ ಅಂದ್ರೆ ಏನು ಅನ್ನೋದು ಸಂಜೆ ನಾಲ್ಕಕ್ಕೆ ಬಸ್ ಹತ್ತಿದೋರಿಗೆ ಹೇಗೆ ಗೊತ್ತಾಗ್ಬೇಕು? ಸಂಜೆ ಆರೂವರೆ ಆದ್ಮೇಲೆ ಆ ಮನೇಲಿ ಚಿಮಣಿ ಬುಡ್ಡಿ ಎಲ್ಲಿಡ್ತಾರೆ, ಒಲೆ ಹತ್ರಾನಾ ಮಕ್ಕಳ ಪುಸ್ತಕದ ಹತ್ರಾನಾ, ದನಕ್ಕೆ ಹುಲ್ಲು ಹಾಕೋಕೆ ಹೋಗುವಾಗ ಯಾರು ಎತ್ಕೊಂಡು ಹೋಗ್ತಾರೆ, ಆಗ ಒಳಗೆ ಓದ್ತಿದ್ದ ಹುಡುಗಿ ಏನು ಮಾಡ್ತಾಳೆ, ಹೊಗೆಗೆ ಕೆಮ್ಮು ಯಾರಿಗೆ ಜಾಸ್ತಿ, ವಾರಕ್ಕೆ ಸೀಮೆಎಣ್ಣೆ ಎಷ್ಟು, ಅದಕ್ಕೆ ದುಡ್ಡು ಯಾರ ಕೈಯಿಂದ ಹೋಗುತ್ತೆ, ಇದೆಲ್ಲಾ ರಾತ್ರಿ ಅಲ್ಲೇ ಉಳಿದೋರಿಗೆ ಮಾತ್ರ ಕಾಣೋದು. ಮತ್ತೆ ಸೀಮೆಎಣ್ಣೆಗೆ ದಿನಾ ದುಡ್ಡು ಹೋಗ್ತಾ ಇದೆ ಅಂತ ಕಂಡಾಗ್ಲೇ ಈ ಮನೆ ದೀಪಕ್ಕೆ ದುಡ್ಡು ಕೊಡಬಲ್ಲದು, ಕೊಡ್ತಾನೇ ಇದೆ, ಕೆಟ್ಟ ದೀಪಕ್ಕೆ ಕೊಡ್ತಾ ಇದೆ ಅನ್ನೋದು ಹೊಳೆಯೋದು.

ಡೆನ್ಮಾರ್ಕ್‌ನ ಕೈ ಹೋಕರ್ಟ್ಸ್ ಅನ್ನೋ ಪ್ರೊಫೆಸರ್ 2017ರಲ್ಲಿ ಪ್ರಕಟ ಮಾಡಿದ ಅಧ್ಯಯನ ಇಲ್ಲಿಗೆ ಸರಿಯಾಗಿ ಕೂರುತ್ತೆ. ಅದಕ್ಕೂ ಮುಂಚೆ 2006ರಲ್ಲಿ ಮೇರ್ ಮತ್ತು ನೊಬೋವಾ ಅನ್ನೋರು ಸಾಮಾಜಿಕ ಉದ್ಯಮದ ಉದ್ದೇಶ ಹುಟ್ಟೋಕೆ ಸಹಾನುಭೂತಿ, ನೈತಿಕ ತೀರ್ಮಾನ, ನನ್ನ ಕೈಲಾಗುತ್ತೆ ಅನ್ನೋ ನಂಬಿಕೆ, ಸುತ್ತಲವ್ರ ಬೆಂಬಲ ಅಂತ ನಾಲ್ಕು ಬೇಕು ಅಂದಿದ್ರು. ಹೋಕರ್ಟ್ಸ್ ಆ ನಾಲ್ಕನ್ನೇ ಪರೀಕ್ಷೆ ಮಾಡಿ ಐದನೇದೊಂದು ಸೇರಿಸಿದ್ರು, ಆ ಸಮಸ್ಯೆ ಇರೋ ಕಡೆ ಹೋಗಿ ಕೆಲ್ಸ ಮಾಡಿದ ಹಿಂದಿನ ಅನುಭವ. ಅವ್ರಿಗೆ ಕಂಡಿದ್ದು ಏನಂದ್ರೆ ಈ ಎಲ್ಲದ್ರಲ್ಲಿ ಉದ್ದೇಶದ ಮೇಲೆ ಅತಿ ಹೆಚ್ಚು ಪರಿಣಾಮ ಮಾಡೋದು ನನ್ನ ಕೈಲಾಗುತ್ತೆ ಅನ್ನೋ ನಂಬಿಕೆ, ಮತ್ತೆ ಅನುಭವ ಸಿಕ್ಕಾಗ ಎಲ್ಲಕ್ಕಿಂತ ಹೆಚ್ಚು ಬೆಳೆಯೋದೂ ಅದೇ ನಂಬಿಕೆ.

ಇದನ್ನ ಓದಿದ್ಮೇಲೆ ಎನ್ಎಸ್ಎಸ್ ಮಕ್ಕಳ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗಾಯ್ತು ನಂಗೆ. ಅವ್ರಿಗೆ ಮರುಕ ಇದೆ, ಕೊರತೆ ಇರೋದು ಅದ್ರಲ್ಲಲ್ಲ. ಇಷ್ಟು ದೊಡ್ಡ ಸಮಸ್ಯೆಗೆ ನಾನೇನು ಮಾಡೋಕಾಗುತ್ತೆ ಅನ್ನೋ ಕಡೆ ಅವ್ರು ನಿಂತುಬಿಡ್ತಾರೆ, ಯಾಕಂದ್ರೆ ಅವ್ರು ಸಮಸ್ಯೆನ ನೋಡಿರೋದು ಅದರ ಪೂರ್ತಿ ಗಾತ್ರದಲ್ಲಿ, ಬಡತನ ಅಂತ, ನಿರುದ್ಯೋಗ ಅಂತ. ಹಳ್ಳೀಲಿ ತಿಂಗಳುಗಟ್ಟಲೆ ಇದ್ದೋರಿಗೆ ಅದೇ ಸಮಸ್ಯೆ ಈ ಮನೆಯ ಈ ಮೂಲೆಗೆ ಒಂದು ದೀಪ ಅನ್ನೋ ಗಾತ್ರಕ್ಕೆ ಇಳಿಯುತ್ತೆ, ಆ ಗಾತ್ರದ ಕೆಲ್ಸ ಯಾರ ಕೈಲಾದ್ರೂ ಆಗುತ್ತೆ ಅನ್ಸುತ್ತೆ.

ಹತ್ತು ರೂಪಾಯಿ ಪ್ರಶ್ನೆ

ಅಮೆರಿಕದಲ್ಲಿ ಸೋಲಾರ್ ಎಲೆಕ್ಟ್ರಿಕ್ ಲೈಟ್ ಫಂಡ್ ಅನ್ನೋ ಲಾಭರಹಿತ ಸಂಸ್ಥೆ ನಡೆಸ್ತಿದ್ದ ನೆವಿಲ್ ವಿಲಿಯಮ್ಸ್ ಅವ್ರ ಪರಿಚಯ ಆಗಿ, ಇಬ್ರೂ ಸೇರಿ 1995ರಲ್ಲಿ ಸೆಲ್ಕೋ ಇಂಡಿಯಾ ಶುರು ಮಾಡಿದ್ರು. ಕೈಲಿ ದುಡ್ಡಿಲ್ಲ. ಒಂದು ಸಿಸ್ಟಮ್ ತರೋದು, ಮಾರೋದು, ಆ ದುಡ್ಡಲ್ಲಿ ಇನ್ನೊಂದು ತರೋದು, ಹೀಗೇ ಒಂದೊಂದಾಗಿ ಕರಾವಳಿ ಮಲೆನಾಡಿನ ಕಡೆ ಮೊದ್ಲ ದಿನಗಳು ಹೋದ್ವು. ಕರೆಂಟ್ ಕಂಬ ಹೋಗದ ಒಂಟಿ ಮನೆಗಳು, ಅಡಿಕೆ ತೋಟದ ನಡುವೆ, ಮಳೆಗಾಲದಲ್ಲಿ ಹಳ್ಳ ದಾಟಿ ಹೋಗ್ಬೇಕಾದ ಕಡೆ. ಅಲ್ಲಿಗೆ ಬ್ಯಾಟರಿ ಹೊತ್ಕೊಂಡು ಹೋಗಿ ಫಿಟ್ ಮಾಡಿ ಬರೋದು, ಕೆಟ್ಟರೆ ಮತ್ತೆ ಹೋಗೋದು.

ದುಡ್ಡು ಒಟ್ಟಿಗೆ ಕೊಡೋ ತಾಕತ್ತಿದ್ದೋರು ಬೇಗ ಮುಗಿದ್ರು. ಬಡವ್ರಿಗೆ ತಲುಪ್ಬೇಕಾದ್ರೆ ಸಾಲ ಬೇಕು, ಸಾಲ ಬೇಕಾದ್ರೆ ಬ್ಯಾಂಕ್ ಬೇಕು, ಬ್ಯಾಂಕಿನೋರು ದೀಪಕ್ಕೆ ಸಾಲ ಯಾಕೆ, ಅದು ಆದಾಯ ತರೋ ವಸ್ತುವಾ ಅಂತ ಕೇಳ್ತಾರೆ. ಹಸು ತಗೊಳ್ಳೋಕೆ ಕೊಡ್ತಾರೆ, ಪಂಪ್‌ಸೆಟ್‌ಗೆ ಕೊಡ್ತಾರೆ, ದೀಪಕ್ಕೆ ಇಲ್ಲ. ಗ್ರಾಮೀಣ ಬ್ಯಾಂಕ್ ಮ್ಯಾನೇಜರುಗಳ ಮುಂದೆ ಕೂತು ಕೂತು, ದೀಪ ಬಂದ್ರೆ ಬೀಡಿ ಕಟ್ಟೋರು ಎರಡು ಗಂಟೆ ಜಾಸ್ತಿ ಕಟ್ತಾರೆ, ರೇಷ್ಮೆ ಹುಳಕ್ಕೆ ರಾತ್ರಿ ಸೊಪ್ಪು ಹಾಕೋರಿಗೆ ಕೆಲ್ಸ ಸುಲಭ ಆಗುತ್ತೆ ಅನ್ನೋ ತರದ ಲೆಕ್ಕ ಹಿಡ್ಕೊಂಡು ಒಪ್ಸೋ ಕೆಲ್ಸ ಅದು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಮೊದಮೊದಲು ಒಪ್ಕೊಂಡ ಬ್ಯಾಂಕುಗಳಲ್ಲಿ ಒಂದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದೋರು ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಮೂಲಕ ಕರ್ನಾಟಕದಲ್ಲಿ ಸೋಲಾರ್ ಸಾಲಕ್ಕೆ ಬಡ್ಡಿ ಇಳಿಸೋ ಯೋಜನೆ ತಂದ್ರು, ಅಷ್ಟರಲ್ಲಿ ದೀಪಕ್ಕೆ ಸಾಲ ಅನ್ನೋದು ಮ್ಯಾನೇಜರುಗಳಿಗೆ ಹೊಸ ಮಾತಾಗಿ ಉಳಿದಿರ್ಲಿಲ್ಲ.

ಹಂದೆಯವ್ರು ಎಷ್ಟೋ ಕಡೆ ಹೇಳೋ ಒಂದು ಮಾತಿದೆ, ಬೀದಿ ಬದಿ ತರಕಾರಿ ಮಾರೋ ಹೆಂಗಸೊಬ್ರಿಂದ ಕಲ್ತಿದ್ದು ಅಂತ. ತಿಂಗಳಿಗೆ ಮುನ್ನೂರು ರೂಪಾಯಿ ಕಟ್ಟೋದು ನಂಗೆ ದುಬಾರಿ, ದಿನಕ್ಕೆ ಹತ್ತು ರೂಪಾಯಿ ಆದ್ರೆ ಕಟ್ತೀನಿ ಅಂದ್ರಂತೆ ಆಕೆ. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ. ಆಕೆಯ ಬದುಕಲ್ಲಿ ಎರಡೂ ಒಂದೇ ಅಲ್ಲ, ದಿನದ ದುಡಿಮೆ ದಿನಕ್ಕೇ ಖರ್ಚಾಗೋ ಕೈಯಲ್ಲಿ ತಿಂಗಳ ಕೊನೆಗೆ ಮುನ್ನೂರು ಉಳಿಯಲ್ಲ. ಕರಾವಳಿಯೋರಿಗೆ ಇದು ತಕ್ಷಣ ಅರ್ಥ ಆಗುತ್ತೆ ಅನ್ಸುತ್ತೆ, 1928ರಲ್ಲೇ ಸಿಂಡಿಕೇಟ್ ಬ್ಯಾಂಕಿನೋರು ಪಿಗ್ಮಿ ಅಂತ ಶುರು ಮಾಡಿ ಮನೆ ಬಾಗಿಲಿಗೆ ಏಜೆಂಟ್ ಕಳ್ಸಿ ದಿನಾ ಎರಡಾಣೆ ಕಲೆಕ್ಷನ್ ಮಾಡ್ತಿದ್ದ ನಾಡು ಅದು. ಉಳಿತಾಯಕ್ಕೆ ಇದ್ದ ದಿನದ ಲೆಕ್ಕವೇ ಇಲ್ಲಿ ಸಾಲದ ಕಂತಿಗೆ ಬಂತು. ಸಂಜೆ ಸಂತೇಲಿ ಸೀಮೆಎಣ್ಣೆ, ಗ್ಯಾಸ್‌ಲೈಟ್ ಇಟ್ಕೊಂಡು ಮಾರೋ ತಳ್ಳುಗಾಡಿಯೋರಿಗೆ ಚಾರ್ಜ್ ಮಾಡಿದ ಬ್ಯಾಟರಿ, ದೀಪ ಬಾಡಿಗೆಗೆ ಕೊಟ್ಟು ದಿನಾ ದುಡ್ಡು ಇಸ್ಕೊಳ್ಳೋ ವ್ಯವಸ್ಥೆನೂ ಹೀಗೇ ಬಂದಿದ್ದು, ಅದನ್ನ ನಡೆಸೋದೂ ಊರಿನದ್ದೇ ಒಬ್ಬ ಸಣ್ಣ ಉದ್ಯಮಿ.

ಈಗ ಸ್ವಭಾವದ ವಿಷಯಕ್ಕೆ ವಾಪಸ್ ಬರೋಣ, ಯಾಕಂದ್ರೆ ಇಲ್ಲೊಂದು ಗಂಟಿದೆ. ಮಲೇಷ್ಯಾದ ಅಧ್ಯಯನ ಮರುಗೋ ಗುಣ ಜಾಸ್ತಿ ಇದ್ರೆ ಒಳ್ಳೇದು ಅನ್ನುತ್ತೆ. ಆದ್ರೆ ಮಾಮೂಲಿ ಉದ್ಯಮಿಗಳ ಬಗ್ಗೆ ಜಾವೋ ಮತ್ತು ಸೀಬರ್ಟ್ 2006ರಲ್ಲಿ ಹಳೇ ಅಧ್ಯಯನಗಳನ್ನೆಲ್ಲಾ ಸೇರಿಸಿ ನೋಡಿದಾಗ, ಮ್ಯಾನೇಜರುಗಳಿಗೆ ಹೋಲಿಸಿದ್ರೆ ಉದ್ಯಮಿಗಳಲ್ಲಿ ಅದೇ ಗುಣ ಕಡಿಮೆ ಇತ್ತು. ಕಾರಣ ಊಹಿಸೋದು ಕಷ್ಟ ಅಲ್ಲ, ಬೆಲೆ ಚೌಕಾಸಿ, ಬಾಕಿ ವಸೂಲಿ, ಕೆಲ್ಸ ಮಾಡದೋರನ್ನ ತೆಗೆಯೋದು, ಇಲ್ಲ ಅನ್ನೋದು, ಇದೆಲ್ಲಾ ಮೆತ್ತನೆ ಮನಸ್ಸಿನೋರಿಗೆ ಹಿಂಸೆ. ಹಾಗಾದ್ರೆ ಸಾಮಾಜಿಕ ಉದ್ಯಮಿ ಆಗೋ ವಿದ್ಯಾರ್ಥಿಗೆ ಈ ಗುಣ ಜಾಸ್ತಿ ಇರ್ಬೇಕಾ ಕಡಿಮೆ ಇರ್ಬೇಕಾ?

ನಾನು ಮಕ್ಕಳ ಜೊತೆ ಈ ಪ್ರಕರಣ ಚರ್ಚೆ ಮಾಡುವಾಗ ಯಾವಾಗ್ಲೂ ಗಲಾಟೆ ಆಗೋದು ಈ ಜಾಗದಲ್ಲೇ. ತರಕಾರಿ ಮಾರೋ ಅಮ್ಮನ ಹತ್ರ ದಿನಾ ಹತ್ತು ರೂಪಾಯಿ ಇಸ್ಕೊಳ್ಳೋದಾ, ಫ್ರೀ ಕೊಡ್ಬಾರ್ದಾ ಸರ್ ಅಂತ ಒಬ್ಬ ಎದ್ದು ನಿಲ್ತಾನೆ. ಅವನ ಮನಸ್ಸು ದೊಡ್ಡದು, ಆ ಪ್ರಶ್ನೆನ ನಾನು ಗೌರವದಿಂದ್ಲೇ ತಗೋತೀನಿ. ಆದ್ರೆ ಫ್ರೀಯಾಗಿ ಬಂದ ಸೋಲಾರ್ ದೀಪಗಳ ಗತಿ ನಮ್ಮ ಎಷ್ಟೋ ಊರಲ್ಲಿ ಎಲ್ಲರ ಕಣ್ಣೆದುರಿಗೇ ಇದೆ, ಬ್ಯಾಟರಿ ಹೋದ ದಿನವೇ ಅದರ ಆಯಸ್ಸು ಮುಗೀತು, ಯಾಕಂದ್ರೆ ರಿಪೇರಿಗೆ ಬಾ ಅಂತ ಕರೆಯೋ ಹಕ್ಕು ಯಾರಿಗೂ ಇಲ್ಲ, ಕರೆದ್ರೂ ಬರೋ ಹೊಣೆ ಯಾರ ಮೇಲೂ ಇಲ್ಲ. ದುಡ್ಡು ಕೊಟ್ಟ ಹೆಂಗಸು ದೀಪ ಉರಿಯಲಿಲ್ಲ ಅಂದ್ರೆ ಬೈತಾಳೆ. ಆ ಬೈಯೋ ಹಕ್ಕನ್ನ ಆಕೆಗೆ ಕೊಡೋದೇ ಗೌರವ. ಸೆಲ್ಕೋದೋರು ಮೊದಲಿಂದ್ಲೂ ಮೂರು ತಪ್ಪು ನಂಬಿಕೆ ಒಡೀಬೇಕು ಅಂತಿದ್ರು: ಬಡವ್ರಿಗೆ ಇಂಥ ತಂತ್ರಜ್ಞಾನ ಕೊಳ್ಳೋಕಾಗಲ್ಲ, ಅದನ್ನ ನೋಡ್ಕೊಳ್ಳೋಕಾಗಲ್ಲ, ಸಾಮಾಜಿಕ ಕೆಲ್ಸನ ವ್ಯಾಪಾರವಾಗಿ ನಡೆಸೋಕಾಗಲ್ಲ. ಮೂರಕ್ಕೂ ತಳದಲ್ಲಿ ಇರೋದು ಬಡವ್ರ ಬಗ್ಗೆ ಅಯ್ಯೋ ಪಾಪ ಅನ್ನೋ ಭಾವನೆ.

ಅದಕ್ಕೇ ನನಗನ್ಸೋದು, ನಮ್ಮ ಪ್ರಶ್ನಾವಳಿಗಳು ಸಹಾನುಭೂತಿ ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಗುಣನ ಸೇರಿಸಿ ಅಳೀತಿವೆ. ಒಂದು ಕರಗೋ ಗುಣ, ಕಷ್ಟ ಕಂಡ ತಕ್ಷಣ ಕೈಲಿದ್ದದ್ದು ಕೊಟ್ಟುಬಿಡೋದು, ಅದು ದಾನದ ಕಡೆ, ಸೇವೆ ಕಡೆ ಕರ್ಕೊಂಡು ಹೋಗುತ್ತೆ, ಸಮಾಜಕ್ಕೆ ಅದೂ ಬೇಕು. ಇನ್ನೊಂದು ಎದುರಿಗಿರೋರ ಜಾಗದಲ್ಲಿ ನಿಂತು ಅವ್ರ ಲೆಕ್ಕನ ಅವ್ರ ಹಾಗೇ ಹಾಕೋ ಗುಣ. ಮುನ್ನೂರಕ್ಕೂ ಹತ್ತಕ್ಕೂ ಇರೋ ವ್ಯತ್ಯಾಸ ಕೇಳಿಸ್ಕೊಳ್ಳೋಕೆ ಬೇಕಾಗಿದ್ದು ಎರಡನೇದು. ಓಪನ್‌ನೆಸ್‌ಗೂ ಹಣಕಾಸಿನ ಗಳಿಕೆಗೂ ಏನು ನಂಟು ಅಂತ ಮೇಲೆ ಕೇಳಿದ್ನಲ್ಲ, ಅದೂ ಇಲ್ಲೇ ಇದೆ ಅಂತ ನನ್ನ ಲೆಕ್ಕ. ಐಐಟಿ ಓದಿ ಅಮೆರಿಕದಲ್ಲಿ ಸಂಶೋಧನೆ ಮಾಡಿದ ಇಂಜಿನಿಯರ್ ಒಬ್ರು ತರಕಾರಿ ಮಾರೋ ಹೆಂಗಸಿನ ಮಾತನ್ನ ಫೈನಾನ್ಸ್ ಪಾಠ ಅಂತ ತಗೋತಾರೆ ಅಂದ್ರೆ ಆ ಮನಸ್ಸು ಬಿಚ್ಚಿರೋದ್ರಿಂದ್ಲೇ, ಆ ಪಾಠ ಇಲ್ದಿದ್ರೆ ಕಂತು ವಸೂಲಿ ಆಗ್ತಿರ್ಲಿಲ್ಲ, ವಸೂಲಿ ಆಗದಿದ್ರೆ ಬ್ಯಾಂಕಿನೋರು ಎರಡನೇ ಸಾಲ ಕೊಡ್ತಿರ್ಲಿಲ್ಲ.

ಸ್ವಭಾವ ಒಂದೇ ಸಾಕಾಗಿತ್ತಾ

ಸಾಕಾಗಿರ್ಲಿಲ್ಲ, ಇದನ್ನ ಮುಚ್ಚಿಟ್ಟು ಪ್ರಕರಣ ಬರೆದ್ರೆ ಮಕ್ಕಳಿಗೆ ಮೋಸ ಮಾಡಿದ ಹಾಗೆ. ಹಂದೆಯವ್ರ ಹತ್ರ ಐಐಟಿ ಡಿಗ್ರಿ ಇತ್ತು, ಅಮೆರಿಕದ ಯೂನಿವರ್ಸಿಟಿ ಇತ್ತು, ಹಳ್ಳೀಲಿ ತಿಂಗಳುಗಟ್ಟಲೆ ಇದ್ರೂ ಹೊಟ್ಟೆ ಬಟ್ಟೆಗೆ ತೊಂದ್ರೆ ಆಗದ ಸ್ಥಿತಿ ಇತ್ತು, ಏನೂ ಆಗ್ಲಿಲ್ಲ ಅಂದ್ರೆ ಒಂದು ಕೆಲ್ಸ ಖಂಡಿತ ಸಿಗ್ತಿತ್ತು. ವಿಲಿಯಮ್ಸ್ ಅವ್ರಂಥ ಅನುಭವಸ್ಥರು ಸಿಕ್ಕಿದ್ರು. ಮೇರ್ ಮತ್ತು ನೊಬೋವಾ ಹೇಳಿದ ನಾಲ್ಕನೇದು, ಸುತ್ತಲವ್ರ ಬೆಂಬಲ, ಅದು ಇದೇ. ಇಷ್ಟೇ ಹಠ, ಇಷ್ಟೇ ತೆರೆದ ಮನಸ್ಸು ಇರೋ ಹುಡುಗಿ ರಾಯಚೂರಿನ ಒಂದು ಸರ್ಕಾರಿ ಪದವಿ ಕಾಲೇಜಲ್ಲಿ ಇದ್ದಾಳೆ ಅನ್ಕೊಳ್ಳಿ, ಮನೇಲಿ ಎಜುಕೇಶನ್ ಲೋನ್ ಇದೆ, ತಂಗಿ ಮದುವೆ ಇದೆ, ಆಕೆ ಪ್ರಶ್ನಾವಳೀಲಿ ಉದ್ದೇಶ ಇಲ್ಲ ಅಂತ ಟಿಕ್ ಮಾಡಿದ್ರೆ ಅದು ಸ್ವಭಾವದ ಮಾತಲ್ಲ, ಲೆಕ್ಕಾಚಾರದ ಮಾತು. ಸರ್ವೇ ಮಾಡೋರು ಮನೆಯ ಆದಾಯ, ಸಾಲ, ಮೊದಲ ತಲೆಮಾರು ಕಾಲೇಜು ಮೆಟ್ಟಿಲು ಹತ್ತಿದೋರಾ ಅನ್ನೋದನ್ನ ಕೇಳದೆ ವ್ಯಕ್ತಿತ್ವದ ಅಂಕಕ್ಕೇ ಎಲ್ಲಾ ಕಟ್ಟಬಾರ್ದು.

ಇನ್ನೊಂದು, ಗೆದ್ದೋರನ್ನ ಹಿಂದೆ ತಿರುಗಿ ನೋಡಿದಾಗ ಅವ್ರ ಎಲ್ಲಾ ಗುಣನೂ ಗೆಲುವಿಗೆ ಕಾರಣ ಅನ್ನೋ ಹಾಗೆ ಕಾಣುತ್ತೆ. ಇವರಷ್ಟೇ ಹಠ ಇದ್ದು ಮುಳುಗಿದೋರ ಪ್ರಕರಣ ಯಾರೂ ಬರೆಯಲ್ಲ. ಸೆಲ್ಕೋನೂ ಮುಳುಗೋ ಹತ್ರ ಹೋಗಿತ್ತು, 2005ರ ಆಸುಪಾಸು ಜರ್ಮನಿಯ ಸಬ್ಸಿಡಿಯಿಂದ ಪ್ಯಾನೆಲ್ಲುಗಳಿಗೆ ಪ್ರಪಂಚದಾದ್ಯಂತ ಬೇಡಿಕೆ ಏರಿ ಬೆಲೆ ಮೇಲೆ ಹೋಗಿ, ಕಂಪನಿ ನಷ್ಟಕ್ಕೆ ಬಿತ್ತು, ಆಮೇಲೆ ಅವಸರದ ಲಾಭ ಕೇಳದ ಹೂಡಿಕೆದಾರರು ಸಿಕ್ಕಿ ಮತ್ತೆ ಎದ್ದು ನಿಂತ್ರು. ಅದೇ 2005ರಲ್ಲಿ ಲಂಡನ್ನಿನ ಆಶ್ಡೆನ್ ಪ್ರಶಸ್ತಿನೂ ಬಂತು, 2007ರಲ್ಲಿ ಇನ್ನೊಂದ್ಸಲ. ಮ್ಯಾಗ್ಸೆಸೆ ಬರೋ ಹೊತ್ತಿಗೆ 1 ಲಕ್ಷ 20 ಸಾವಿರಕ್ಕೂ ಹೆಚ್ಚು ಮನೆ, ಸಣ್ಣ ಉದ್ಯಮಗಳಿಗೆ ದೀಪ ಮುಟ್ಟಿತ್ತು.

ಕಾಲೇಜಿನೋರಿಗೆ ಇದ್ರಲ್ಲಿ ಏನು ಸಿಗುತ್ತೆ

ಆಸಕ್ತಿ ಇರೋ ಮಕ್ಕಳನ್ನ ಟೆಸ್ಟ್ ಮಾಡಿ ಆರಿಸಿ ಆಮೇಲೆ ಫೀಲ್ಡಿಗೆ ಕಳಿಸೋ ಪದ್ಧತಿ ಉಲ್ಟಾ ಆಗ್ಬೇಕು ಅಂತ ನನ್ನ ಅಭಿಪ್ರಾಯ. ಮೊದ್ಲು ಕಳಿಸಿ, ಆಸಕ್ತಿ ಆಮೇಲೆ ಕೇಳಿ. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್‌ನೋರು ಲೀಡ್ ಅನ್ನೋ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಸುತ್ತಲಿನ ಒಂದು ಸಣ್ಣ ಸಮಸ್ಯೆ ಹಿಡಿದು ಕೆಲ್ಸ ಮಾಡಿ ಅಂತ ಬಿಡ್ತಾರೆ, 2008ರಿಂದ ನಡೀತಿರೋ ಜಾಗೃತಿ ಯಾತ್ರೆ ರೈಲಲ್ಲಿ ಯುವಕ ಯುವತಿಯರನ್ನ ಹದಿನೈದು ದಿನ ದೇಶ ಸುತ್ತಿಸಿ ಇಂಥ ಉದ್ಯಮ ಕಟ್ಟಿದೋರನ್ನ ಭೇಟಿ ಮಾಡಿಸುತ್ತೆ, ಇವೆಲ್ಲಾ ಒಳ್ಳೆ ಬಾಗಿಲುಗಳು. ಆದ್ರೆ ಒಂದೇ ಜಾಗದಲ್ಲಿ, ಒಂದೇ ಮನೆಯ ಜಗಲೀಲಿ, ಸಂಜೆ ಹೊತ್ತು ಬಹಳ ದಿನ ಕೂರೋದಕ್ಕೆ ಪರ್ಯಾಯ ಯಾವುದೂ ಇಲ್ಲ. ಬೇಸಿಗೆ ರಜೆಯ ಇಂಟರ್ನ್‌ಶಿಪ್ ಕ್ರೆಡಿಟ್ಟನ್ನ ಇದಕ್ಕೆ ಕೊಡೋಕೆ ಯೂನಿವರ್ಸಿಟಿಗಳಿಗೆ ಕಷ್ಟ ಆಗಬಾರದು, ಕಂಪನಿ ಸರ್ಟಿಫಿಕೇಟಿಗೆ ಕೊಡೋ ಬೆಲೆನ ಒಂದು ಗ್ರಾಮ ಪಂಚಾಯ್ತಿ ಸರ್ಟಿಫಿಕೇಟಿಗೂ ಕೊಟ್ರೆ ಸಾಕು. ಊಟ ಬಸ್ ಚಾರ್ಜಿನ ಸ್ಟೈಪೆಂಡ್ ಕೂಡ ಬೇಕೇ ಬೇಕು, ಇಲ್ದಿದ್ರೆ ಉಳ್ಳವ್ರ ಮಕ್ಕಳು ಮಾತ್ರ ಹೋಗ್ತಾರೆ.

ಯಾರಾದ್ರೂ ಮುಂದಿನ ಸೆಮಿಸ್ಟರ್‌ಗೆ ಇದೇ ವಿಷಯದ ಪ್ರಾಜೆಕ್ಟ್ ಮಾಡೋದಾದ್ರೆ ಒಂದು ಕೋರಿಕೆ. ಅದೇ ಪ್ರಶ್ನಾವಳಿನ ಅದೇ ಮಕ್ಕಳಿಗೆ ಎರಡು ಸಲ ಕೊಡಿ, ಹಳ್ಳಿಗೆ ಅಥವಾ ಕೊಳಗೇರಿಗೆ ಹೋಗಿ ಇರೋದಕ್ಕೆ ಮುಂಚೆ ಒಂದ್ಸಲ, ಇದ್ದು ಬಂದ ಮೇಲೆ ಒಂದ್ಸಲ, ಹೋಗದೇ ಇದ್ದ ಇನ್ನೊಂದು ಗುಂಪಿಗೂ ಅದೇ ಎರಡು ಸಲ ಕೊಡಿ. ಐದು ಗುಣದ ಅಂಕ ಹೆಚ್ಚು ಕಡಿಮೆ ಅಲ್ಲೇ ಇರುತ್ತೆ ಅಂತ ನನ್ನ ಊಹೆ, ನನ್ನ ಕೈಲಾಗುತ್ತೆ ಅನ್ನೋದು ಯಾರಲ್ಲಿ ಎಷ್ಟು ಏರ್ತು ಅನ್ನೋದನ್ನ ಗುಣದ ಅಂಕದ ಪಕ್ಕದಲ್ಲಿಟ್ಟು ನೋಡಿ, ಆಗ ಯಾವ ಸ್ವಭಾವದೋರಿಗೆ ಅನುಭವ ಜಾಸ್ತಿ ತಾಗುತ್ತೆ ಅಂತ ಕಾಣುತ್ತೆ. ಜೊತೆಗೆ ಒಂದು ತೆರೆದ ಪ್ರಶ್ನೆ ಸೇರ್ಸಿ, ಟಿಕ್ ಹಾಕೋದಲ್ಲ, ಬರೆಯೋದು: ನೀವು ಇದ್ದ ಮನೆಯವ್ರು ಯಾವುದಕ್ಕೆ ದಿನಾ ದುಡ್ಡು ಕೊಡ್ತಾರೆ, ಅದಕ್ಕಿಂತ ಒಳ್ಳೇದನ್ನ ಅದೇ ದುಡ್ಡಿಗೆ ಕೊಡೋಕಾಗುತ್ತಾ, ಕೊಡೋದಾದ್ರೆ ದುಡ್ಡು ಇಸ್ಕೊಳ್ಳೋಕೆ ಯಾರು ಯಾವ ಹೊತ್ತಿಗೆ ಹೋಗ್ಬೇಕು. ಕನ್ನಡದಲ್ಲೇ ಬರೆಯೋಕೆ ಬಿಡಿ, ಒಂದು ಪುಟ ಸಾಕು, ಮತ್ತೆ ಆ ಪುಟಗಳನ್ನ ಓದಿ ಅಂಕ ಹಾಕೋಕೆ ಮೇಷ್ಟ್ರ ಜೊತೆಗೆ ಆ ಊರಿನ ಸ್ತ್ರೀಶಕ್ತಿ ಸಂಘದಲ್ಲಿ ವಾರದ ಕಂತು ಕಟ್ಟಿಸ್ಕೊಳ್ಳೋ ಒಬ್ರನ್ನೂ ಕೂರಿಸ್ಕೊಳ್ಳಿ.